ಬೆಳಕಿಗೆ ಬೆಳಕು ಸೇರಿದರೆ ಕತ್ತಲು: ಇದನ್ನು ಕನ್ನಡದಲ್ಲಿ ಹೇಳಲಾಗದು ಎಂದವರು ಯಾರು?

ಜೂನ್ ತಿಂಗಳು ಬಂತೆಂದರೆ ನಮ್ಮಂಥ ಶಾಲೆಗಳಲ್ಲಿ ಮಳೆಯ ಜೊತೆ ಇನ್ನೊಂದು ಆತಂಕವೂ ಶುರುವಾಗುತ್ತದೆ. ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಕೆ. ಆ ಎಣಿಕೆಯಲ್ಲಿ ಸಂಖ್ಯೆ ಕಮ್ಮಿಯಾದರೆ ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಹುದ್ದೆ ಹೋಗುತ್ತದೆ. ಹುದ್ದೆ ಹೋದಲ್ಲಿಗೆ ಕನ್ನಡ ಬಲ್ಲ ಅಧ್ಯಾಪಕ ಮತ್ತೆ ಬರುತ್ತಾನೆಂಬ ನಂಬಿಕೆ ಕಾಸರಗೋಡಿನ ನಮಗೆ ಯಾರಿಗೂ ಇಲ್ಲ. ಹೀಗಿರುವಾಗ, ಎಣಿಕೆಗೆ ಎರಡು ದಿನ ಇದೆ ಎನ್ನುವಾಗ ಒಬ್ಬರು ಹೆತ್ತವರು ಬಂದು ಟಿ.ಸಿ. ಕೇಳಿದರು. ಹುಡುಗಿ ಎಂಟನೆಯದಕ್ಕೆ. ಕ್ಲಾಸಿನಲ್ಲಿ ಚುರುಕು.

"ಮಾಷ್ಟ್ರೇ, ಬೇಜಾರು ಮಾಡ್ಬೇಡಿ. ನಮಗೆ ಕನ್ನಡ ಬೇಡ ಅಂತಲ್ಲ. ಆದ್ರೆ ಮುಂದೆ ಸಯನ್ಸ್ ತಗೊಳ್ಬೇಕಲ್ಲ? ಪ್ಲಸ್ ಟುವಿನ ಫಿಸಿಕ್ಸ್ ಎಲ್ಲ ಕನ್ನಡದಲ್ಲಿ ಕಲ್ತವರಿಗೆ ತಲೆಗೆ ಹತ್ತುದಿಲ್ಲಂತೆ."

ಈ 'ಅಂತೆ' ಎಂಬ ಮಾತು ಎಲ್ಲಿಂದ ಹುಟ್ಟುತ್ತದೋ ಗೊತ್ತಿಲ್ಲ. ಆದರೆ ಅದು ನಮ್ಮ ಶಾಲೆಗಳನ್ನು ಒಂದೊಂದಾಗಿ ಮುಚ್ಚಿಸುತ್ತಿದೆ. ಭಾಷೆಯ ಅಭಿಮಾನದ ಮಾತಾಡಿ ಇದಕ್ಕೆ ಉತ್ತರ ಕೊಡಲಾಗುವುದಿಲ್ಲ. ಆ ತಂದೆಗೆ ಬೇಕಾದದ್ದು ಭುವನೇಶ್ವರಿಯ ಜಯಕಾರವಲ್ಲ, ಮಗಳ ಭವಿಷ್ಯ. ಆದ್ದರಿಂದ ನಾವು ಇಲ್ಲಿ ಭೌತಶಾಸ್ತ್ರದ ಒಂದೇ ಒಂದು ಪಾಠವನ್ನು ಹಿಡಿದುಕೊಂಡು ವಾದ ಮಾಡುತ್ತೇವೆ. ಪ್ಲಸ್ ಟುವಿನಲ್ಲಿ 'ಭಾರೀ ಕಷ್ಟ' ಎಂದು ಹೆಸರು ಕೆಡಿಸಿಕೊಂಡಿರುವ ಪಾಠ: ಬೆಳಕಿನ ವ್ಯತಿಕರಣ, ಯಂಗ್‌ನ ಜೋಡಿ ಸೀಳಿನ ಪ್ರಯೋಗ. ಇದನ್ನು ಕನ್ನಡದಲ್ಲಿ ತಿಳಿಯಲು ಆಗುವುದಿಲ್ಲವೆಂದು ಯಾರಾದರೂ ತೋರಿಸಿಕೊಟ್ಟರೆ ನಾವು ಆ ಟಿ.ಸಿ.ಗೆ ಸಂತೋಷದಿಂದ ಸಹಿ ಹಾಕಿಸಿ ಕೊಡುತ್ತೇವೆ.

ಮೊದಲು ನಾವು ಕಂಡದ್ದನ್ನು ಹೇಳುತ್ತೇವೆ. ನಮ್ಮಲ್ಲಿ ಹತ್ತರ ತನಕ ಕನ್ನಡದಲ್ಲಿ ಓದಿ ಪ್ಲಸ್ ಟುವಿಗೆ ಹೋದ ಹುಡುಗನೊಬ್ಬ ಓಣಂ ರಜೆಯಲ್ಲಿ ನೋಡಲು ಬಂದಿದ್ದ. ಏನು ಪಾಠ ನಡೆಯುತ್ತಿದೆ ಎಂದು ಕೇಳಿದೆವು. "ವೇವ್ ಆಪ್ಟಿಕ್ಸ್ ಸಾರ್" ಅಂದ. ಜೋಡಿ ಸೀಳಿನ ಪ್ರಯೋಗ ಗೊತ್ತಾ? "ಬೀಟಾ ಈಕ್ವಲ್ಸ್ ಲ್ಯಾಂಬ್ಡಾ ಡಿ ಬೈ ಡಿ" ಎಂದು ಒಂದೇ ಉಸಿರಿಗೆ ಹೇಳಿದ. ಒಂದು ಡಿ ದೊಡ್ಡದು, ಇನ್ನೊಂದು ಚಿಕ್ಕದು ಎಂದೂ ಸೇರಿಸಿದ. ಸರಿ, ಆ ಪರದೆಯ ಮೇಲೆ ಕಪ್ಪು ಪಟ್ಟೆ ಬೀಳುತ್ತದಲ್ಲ, ಯಾಕೆ? "ಡಿಸ್ಟ್ರಕ್ಟಿವ್ ಇಂಟರ್ಫಿಯರೆನ್ಸ್." ಅಲ್ಲಿಗೆ ಹೋದ ಬೆಳಕು ಎಲ್ಲಿ ಹೋಯಿತು? ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ ನಕ್ಕು ಹೇಳಿದ, "ಅದು ಪರೀಕ್ಷೆಗೆ ಕೇಳುದಿಲ್ಲ ಸಾರ್."

ನೋಡಿ, ಕನ್ನಡ ಮಾಧ್ಯಮದ ಗತಿ ಇಷ್ಟೇ ಎನ್ನುವವರು ಸ್ವಲ್ಪ ತಾಳಿ. ಅದೇ ವಾರ ನಮ್ಮ ನೆರೆಮನೆಯ ಹುಡುಗಿಯನ್ನೂ ಕೇಳಿದೆವು. ಎಲ್.ಕೆ.ಜಿ.ಯಿಂದ ಇಂಗ್ಲಿಷ್ ಮಾಧ್ಯಮ, ಟ್ಯೂಶನ್ ಬೇರೆ. ಅದೇ ಸೂತ್ರ, ಅದೇ ಉಸಿರು, ಅದೇ ಮೌನ. ಇಬ್ಬರಿಗೂ ಗೊತ್ತಿದ್ದದ್ದು ಒಂದೇ, ಗೊತ್ತಿಲ್ಲದ್ದೂ ಒಂದೇ. ಹಾಗಾದರೆ ದೋಷ ಯಾವ ಭಾಷೆಯದು? ಕನ್ನಡದ್ದೂ ಅಲ್ಲ, ಇಂಗ್ಲಿಷಿನದ್ದೂ ಅಲ್ಲ. 'ನೋಟ್ಸ್' ಎಂಬ ಮೂರನೆಯ ಭಾಷೆಯೊಂದಿದೆ. ಅದರಲ್ಲಿ ಕಲಿತವರಿಗೆ ಸೂತ್ರ ಬರುತ್ತದೆ, ಸಂಗತಿ ಬರುವುದಿಲ್ಲ. ನಮ್ಮ ಜಗಳ ಆ ಭಾಷೆಯ ಮೇಲೆ.

ಸಂಗತಿ ಏನೆಂದು ಈಗ ನೇರವಾಗಿ ನೋಡೋಣ. ಸೂತ್ರ ಬದಿಗಿರಲಿ.

ಮಳೆಗಾಲ ಮುಗಿದ ಮೇಲೆ ತೋಟದ ಕೆರೆಯ ನೀರು ಅಲುಗಾಡದೆ ನಿಂತಿರುತ್ತದೆ. ಒಂದು ಕಲ್ಲು ಹಾಕಿ, ಅಲೆ ಬಳೆಬಳೆಯಾಗಿ ಹರಡುತ್ತದೆ. ಒಂದು ಮಾರು ದೂರದಲ್ಲಿ ಇಬ್ಬರು ಮಕ್ಕಳು ಕೂತು ಒಂದೇ ಲೆಕ್ಕಕ್ಕೆ ನೀರನ್ನು ತಟ್ಟಲಿ. ಎರಡು ಬಳೆಸಾಲುಗಳು ಒಂದರೊಳಗೊಂದು ಹಾಯುತ್ತವೆ. ಉಬ್ಬಿನ ಮೇಲೆ ಉಬ್ಬು ಬಂದಲ್ಲಿ ನೀರು ಇನ್ನಷ್ಟು ಏಳುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸರಿಯಾಗಿ ಬಂದಲ್ಲಿ ನೀರು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ಅಲ್ಲೊಂದು ಅಡಕೆ ಸಿಪ್ಪೆ ತೇಲುತ್ತಿದ್ದರೆ ಅದು ಸುತ್ತಲ ಗದ್ದಲದ ನಡುವೆ ಸುಮ್ಮನೆ ಕೂತಿರುತ್ತದೆ. ಇಷ್ಟೇ ವ್ಯತಿಕರಣ. ಇದನ್ನು ತಿಳಿಯಲು ನಮ್ಮ ಐದನೆಯ ಕ್ಲಾಸಿನ ಮಕ್ಕಳಿಗೂ ಕಷ್ಟವಿಲ್ಲ. ಉಬ್ಬು, ತಗ್ಗು, ಕೂಡುವುದು, ಕಳೆಯುವುದು - ನಾಲ್ಕೂ ಮನೆಯ ಮಾತುಗಳು.

ಕಷ್ಟ ಎಲ್ಲಿದೆಯೆಂದರೆ, ಬೆಳಕೂ ಹೀಗೆಯೇ ನಡೆದುಕೊಳ್ಳುತ್ತದೆ ಎಂದು ಒಪ್ಪುವುದರಲ್ಲಿ. ಒಂದು ದೀಪದ ಪಕ್ಕ ಇನ್ನೊಂದು ದೀಪ ಇಟ್ಟರೆ ಬೆಳಕು ಹೆಚ್ಚಾಗಬೇಕು. ಬೆಳಕಿಗೆ ಬೆಳಕು ಸೇರಿಸಿದಾಗ ಕತ್ತಲಾಗುತ್ತದೆ ಎಂದು ಯಾರಾದರೂ ಹೇಳಿದರೆ ನಮ್ಮ ಅಜ್ಜಿಯಂದಿರು ನಗುತ್ತಿದ್ದರು. ಆದರೆ ಅಜ್ಜಿಯಂದಿರು ಮಾತ್ರ ಅಲ್ಲ, ಇಂಗ್ಲೆಂಡಿನ ಪಂಡಿತರೂ ನಕ್ಕಿದ್ದರು ಎಂಬುದನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ.

ಥಾಮಸ್ ಯಂಗ್ (1773-1829) ವೃತ್ತಿಯಲ್ಲಿ ವೈದ್ಯ. 1803ರ ನವೆಂಬರ್ 24ರಂದು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಒಂದು ಪ್ರಬಂಧ ಓದಿದ. ಅದರಲ್ಲಿ ಇದ್ದ ಸಾಮಗ್ರಿಯ ಪಟ್ಟಿ ಕೇಳಿ: ಕಿಟಕಿಯ ಬಾಗಿಲಿಗೊಂದು ತೂತು, ಆ ತೂತಿಗೆ ಅಂಟಿಸಿದ ದಪ್ಪ ಕಾಗದ, ಆ ಕಾಗದಕ್ಕೆ ಸೂಜಿಯಿಂದ ಚುಚ್ಚಿದ ಇನ್ನೊಂದು ಸಣ್ಣ ತೂತು, ಬಿಸಿಲನ್ನು ತಿರುಗಿಸಲು ಒಂದು ಕನ್ನಡಿ, ಮತ್ತೆ ಒಂದು ಇಂಚಿನ ಮೂವತ್ತರಲ್ಲೊಂದು ಪಾಲು ಅಗಲದ ರಟ್ಟಿನ ಪಟ್ಟಿ. ಮುಗಿಯಿತು! ನಮ್ಮ ಯಾವ ಶಾಲೆಯಲ್ಲಿ ಇದಿಲ್ಲ ಹೇಳಿ?

ಕತ್ತಲೆ ಕೋಣೆಯೊಳಗೆ ಬಂದ ಬಿಸಿಲುಕೋಲಿಗೆ ಆತ ಆ ರಟ್ಟನ್ನು ಅಡ್ಡ ಹಿಡಿದ. ರಟ್ಟಿನ ನೆರಳು ಬರೀ ಕಪ್ಪಾಗಿರಬೇಕಿತ್ತು. ಆದರೆ ನೆರಳಿನ ಒಳಗೇ ಬೆಳಕು-ಕತ್ತಲಿನ ಪಟ್ಟೆಗಳಿದ್ದವು, ನಟ್ಟನಡುವೆ ಬೆಳಕಿನ ಪಟ್ಟೆಯೇ ಇತ್ತು. ಅಲ್ಲಿಗೆ ನಿಲ್ಲಿಸದೆ, ರಟ್ಟಿನ ಒಂದು ಬದಿಯಿಂದ ಬರುವ ಬೆಳಕನ್ನು ಮಾತ್ರ ಸಣ್ಣ ತಡೆ ಇಟ್ಟು ಮುಚ್ಚಿದ. ಇನ್ನೊಂದು ಬದಿಯನ್ನು ಮುಟ್ಟಲೇ ಇಲ್ಲ. ನೆರಳಿನೊಳಗಿನ ಪಟ್ಟೆಗಳೆಲ್ಲ ಮಾಯ!

ಈ ಒಂದು ಹೆಜ್ಜೆಯ ಮೇಲೆ ದಯವಿಟ್ಟು ಸ್ವಲ್ಪ ಹೊತ್ತು ನಿಲ್ಲಿ. ಪಟ್ಟೆಗಳು ರಟ್ಟಿನ ಅಂಚಿನ ಚಮತ್ಕಾರವಾಗಿದ್ದರೆ ಒಂದು ಬದಿ ಮುಚ್ಚಿದಾಗ ಅರ್ಧವಾದರೂ ಉಳಿಯಬೇಕಿತ್ತು. ಉಳಿಯಲಿಲ್ಲ. ಅಂದರೆ ಪಟ್ಟೆ ಒಂದು ಬದಿಯ ಬೆಳಕಿನದ್ದೂ ಅಲ್ಲ, ಇನ್ನೊಂದು ಬದಿಯದ್ದೂ ಅಲ್ಲ. ಎರಡೂ ಸೇರಿದ್ದರಿಂದ ಆದದ್ದು. ನಮ್ಮ ಹುಡುಗನ ಸೂತ್ರದಲ್ಲಿ ಈ ವಾದ ಎಲ್ಲಿದೆ? ಎಲ್ಲಿಯೂ ಇಲ್ಲ. ಪ್ರಯೋಗದ ಜೀವವೇ ಅದು, ಅದನ್ನೇ ತೆಗೆದು ಮಕ್ಕಳ ಕೈಗೆ ಅಸ್ಥಿಪಂಜರ ಕೊಟ್ಟಿದ್ದೇವೆ. ಪುಸ್ತಕದ ಚಿತ್ರದಲ್ಲಿ ಎರಡು ಸೀಳು, ಎರಡು ಗೆರೆ, ಒಂದು ಪರದೆ. ಯಂಗ್ ಆ ಜೋಡಿ ಕಿಂಡಿಯ ವಿವರಣೆಯನ್ನು 1807ರಲ್ಲಿ ಅಚ್ಚಾದ ತನ್ನ ಉಪನ್ಯಾಸಗಳ ಪುಸ್ತಕದಲ್ಲಿ ಕೊಟ್ಟದ್ದು. ಅದಕ್ಕೂ ಮೊದಲು ಆತ ಸಭೆಯ ಮುಂದಿಟ್ಟದ್ದು ಒಂದು ರಟ್ಟಿನ ಚೂರನ್ನು.

ಆಗ ಪಂಡಿತರು ಏನು ಮಾಡಿದರು? ಬೆಳಕು ಕಣಗಳ ಹರಿವು ಎಂಬ ನ್ಯೂಟನ್ನನ ಮಾತೇ ಅಂದಿಗೆ ವೇದವಾಕ್ಯ. 'ಎಡಿನ್‌ಬರೋ ರಿವ್ಯೂ' ಪತ್ರಿಕೆಯಲ್ಲಿ ಹೆನ್ರಿ ಬ್ರೋಮ್ ಎಂಬಾತ ಹೆಸರು ಹಾಕದೆ ಯಂಗ್‌ನನ್ನು ಹೀನಾಯವಾಗಿ ಜರೆದ. ಯಂಗ್ ಉತ್ತರವಾಗಿ ಒಂದು ಕಿರುಹೊತ್ತಗೆ ಅಚ್ಚುಹಾಕಿಸಿದ, ಅದು ಮಾರಾಟವಾದದ್ದು ಒಂದೇ ಒಂದು ಪ್ರತಿಯಂತೆ. ಮುಂದೆ ಫ್ರಾನ್ಸಿನಲ್ಲಿ ರಸ್ತೆ ಮಾಡಿಸುವ ಎಂಜಿನಿಯರ್ ಫ್ರೆನೆಲ್ ಗಣಿತದ ಸಮೇತ ಅದೇ ಮಾತನ್ನು ಹೇಳಿದ. 'ನಿನ್ನ ಲೆಕ್ಕ ಸರಿಯಾದರೆ ದುಂಡು ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕಿ ಇರಬೇಕಾಗುತ್ತದಲ್ಲ, ಎಂಥ ಅಸಂಬದ್ಧ!' ಎಂಬ ಧಾಟಿಯಲ್ಲಿ ಪ್ವಾಸೋನ್ ಆಕ್ಷೇಪಿಸಿದ. ಅರಾಗೊ ಪರೀಕ್ಷೆ ಮಾಡಿಯೇ ಬಿಟ್ಟ. ಚುಕ್ಕಿ ಇತ್ತು! 1819ರಲ್ಲಿ ಬಹುಮಾನ ಫ್ರೆನೆಲ್‌ಗೆ ಸಂದಿತು. ಇದು ಕಥೆಯಲ್ಲವೇ? ಇದನ್ನು ಹೇಳಲು ಯಾವ ಭಾಷೆಯ ಕೊರತೆ ಇದೆ?

ಇನ್ನು ನಮ್ಮವರ ತಪ್ಪಿಗೆ ಬರೋಣ. ಬೇರೆಯವರನ್ನು ಬಯ್ದಷ್ಟೇ ನಮ್ಮನ್ನೂ ಬಯ್ದುಕೊಳ್ಳಬೇಕು. ಕಪ್ಪು ಪಟ್ಟೆ ಬೀಳುವುದನ್ನು ಕನ್ನಡದಲ್ಲಿ 'ವಿನಾಶಾತ್ಮಕ ವ್ಯತಿಕರಣ' ಎಂದು ಬರೆಸುತ್ತೇವೆ. ಇಂಗ್ಲಿಷಿನ ಮಾತನ್ನು ಹಾಗೆಯೇ ಹೊತ್ತುಕೊಂಡು ಬಂದದ್ದು. ಏನು ವಿನಾಶವಾಯಿತು ಸ್ವಾಮಿ? ಏನೂ ಆಗಲಿಲ್ಲ. ಒಂದು ಸೀಳಿನಿಂದ ಪರದೆಗೆ ಬರುವ ಬೆಳಕು ಒಂದು ಪಾಲು ಎಂದಿಟ್ಟುಕೊಳ್ಳಿ. ಎರಡು ಸೀಳಿಗೆ ಎರಡು ಪಾಲು. ಅಲೆಗಳು ಉಬ್ಬಿಗೆ ಉಬ್ಬು ಸೇರಿದಲ್ಲಿ ಅಲೆಯ ಎತ್ತರ ಎರಡರಷ್ಟಾಗುತ್ತದೆ. ಬೆಳಕಿನ ಪ್ರಖರತೆ ಎತ್ತರದ ವರ್ಗಕ್ಕೆ ತಕ್ಕಂತೆ, ಆದ್ದರಿಂದ ಅಲ್ಲಿ ನಾಲ್ಕು ಪಾಲು. ಉಬ್ಬಿಗೆ ತಗ್ಗು ಸೇರಿದಲ್ಲಿ ಸೊನ್ನೆ. ನಾಲ್ಕು ಮತ್ತು ಸೊನ್ನೆಯ ಸರಾಸರಿ ಎಷ್ಟು? ಎರಡು. ಲೆಕ್ಕ ಸರಿಹೋಯಿತು. ಬೆಳಕು ಸಾಯಲಿಲ್ಲ, ಜಾಗ ಬದಲಿಸಿತು, ಅಷ್ಟೇ. ಕಪ್ಪು ಪಟ್ಟೆಯಲ್ಲಿ ಇಲ್ಲದ್ದು ಪಕ್ಕದ ಬೆಳಕಿನ ಪಟ್ಟೆಯಲ್ಲಿದೆ. ನಮ್ಮ ಹುಡುಗ ಉತ್ತರಿಸದೆ ಉಳಿದ ಪ್ರಶ್ನೆಯ ಉತ್ತರ ಇದು. ಮೂರು ಸಾಲು ಕನ್ನಡ ಸಾಕಾಯಿತು. 'ವಿನಾಶ' ಎಂಬ ಪದವನ್ನು ಬಾಯಿಪಾಠ ಮಾಡಿಸಿದವರು ಈ ಮೂರು ಸಾಲು ಹೇಳಲು ಮರೆತರು. ಪದ ಪರೀಕ್ಷೆಗೆ ಇರಲಿ, ಬೇಡವೆನ್ನುವುದಿಲ್ಲ. ಆದರೆ ಪದವನ್ನೇ ಅರ್ಥವೆಂದು ಕೊಟ್ಟುಬಿಡುವುದು ಮೋಸ.

'ಸಂಸಕ್ತ ಆಕರಗಳು' ಎಂಬ ಇನ್ನೊಂದು ಶಬ್ದವನ್ನು ನೋಡಿ. ಮಕ್ಕಳು ಕೇಳುತ್ತಾರೆ, ಕೇಳಲೇಬೇಕು: "ಸಾರ್, ಹಾಗಾದ್ರೆ ಕ್ಲಾಸಿನ ಎರಡು ಟ್ಯೂಬ್‌ಲೈಟಿನ ನಡುವೆ ಗೋಡೆಯಲ್ಲಿ ಕಪ್ಪು ಪಟ್ಟೆ ಯಾಕಿಲ್ಲ?" ಒಳ್ಳೆಯ ಪ್ರಶ್ನೆ. ಇದಕ್ಕೆ 'ಅವು ಸಂಸಕ್ತವಲ್ಲ' ಎಂದರೆ ಪ್ರಶ್ನೆಯನ್ನೇ ತಿರುಗಿಸಿ ಕೊಟ್ಟ ಹಾಗೆ. ಕುಂಬಳೆಯ ಪಾರ್ತಿಸುಬ್ಬನ ಸೀಮೆಯ ಮಕ್ಕಳಿಗೆ ಇದನ್ನು ಹೇಳಲು ಬೇರೆ ದಾರಿ ಇದೆ. ಒಬ್ಬನೇ ಭಾಗವತರ ಜಾಗಟೆಗೆ ಎರಡು ಚೆಂಡೆ ಬಾರಿಸಿದರೆ ಪೆಟ್ಟಿಗೆ ಪೆಟ್ಟು ಕೂಡುತ್ತದೆ. ಎರಡು ಬಯಲಲ್ಲಿ ಎರಡು ಮೇಳ ಆಡುತ್ತಿದ್ದು, ಎರಡು ಚೆಂಡೆಯೂ ಒಟ್ಟಿಗೆ ಕಿವಿಗೆ ಬಿದ್ದರೆ? ಒಂದು ಗಳಿಗೆ ಪೆಟ್ಟು ಕೂಡಬಹುದು, ಮರುಗಳಿಗೆ ತಪ್ಪುತ್ತದೆ. ಕೇಳುವವನಿಗೆ ಬರೀ ಗದ್ದಲ. ಎರಡು ದೀಪಗಳ ಕಥೆಯೂ ಇದೇ. ದೀಪದೊಳಗೆ ಕೋಟಿ ಕೋಟಿ ಪರಮಾಣುಗಳು ತಮ್ಮ ತಮ್ಮ ತಾಳಕ್ಕೆ ಬೆಳಕು ಬಿಡುತ್ತವೆ. ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲಿನೊಳಗೆ ತಾಳ ತಪ್ಪುತ್ತದೆ. ಪಟ್ಟೆಗಳು ಹುಟ್ಟುತ್ತವೆ, ಆದರೆ ಕಣ್ಣು ಹಿಡಿಯುವ ಮೊದಲೇ ಅತ್ತಿತ್ತ ಸರಿದು ಕಲಸಿಹೋಗುತ್ತವೆ. ಯಂಗ್ ಮಾಡಿದ ಜಾಣತನವೆಂದರೆ ಒಂದೇ ಸೂಜಿತೂತಿನ ಬೆಳಕನ್ನು ಇಬ್ಭಾಗ ಮಾಡಿದ್ದು. ಎರಡು ಚೆಂಡೆಗೂ ಒಂದೇ ಜಾಗಟೆ! ಇಷ್ಟು ಹೇಳಿದ ಮೇಲೆ ಬೋರ್ಡಿನ ಮೇಲೆ 'ಸಂಸಕ್ತ' ಎಂದು ಬರೆಯಿರಿ, ಅದರ ಪಕ್ಕದಲ್ಲೇ 'ಕೊಹೆರೆಂಟ್' ಎಂದೂ ಬರೆಯಿರಿ. ಮಗು ಎರಡನ್ನೂ ನೆನಪಿಡುತ್ತದೆ, ಯಾಕೆಂದರೆ ನೆನಪಿಡಲು ಈಗ ಅದಕ್ಕೊಂದು ಸಂಗತಿ ಸಿಕ್ಕಿದೆ.

"ಇದೆಲ್ಲ ಹೇಳಲು ಚಂದ, ಲ್ಯಾಬ್ ಎಲ್ಲಿದೆ?" ಎನ್ನುವ ಸಹೋದ್ಯೋಗಿಗಳಿಗೆ ನಮ್ಮ ಉತ್ತರ ಇಲ್ಲಿದೆ. ಒಂದು ಗಾಜಿನ ಚೂರನ್ನು ಚಿಮಿಣಿ ದೀಪದ ಮೇಲೆ ಹಿಡಿದು ಮಸಿ ಕೂರಿಸಿ. ಎರಡು ಹೊಸ ಬ್ಲೇಡುಗಳನ್ನು ಒತ್ತಟ್ಟಿಗೆ ಹಿಡಿದು ಆ ಮಸಿಯ ಮೇಲೆ ಒಮ್ಮೆ ಗೀರಿ. ಕೂದಲೆಳೆಯಷ್ಟು ಅಂತರದಲ್ಲಿ ಎರಡು ಸೀಳು ಸಿದ್ಧ. ಇನ್ನೊಂದು ಗಾಜಿನಲ್ಲಿ ಒಂದೇ ಬ್ಲೇಡಿನಿಂದ ಒಂದೇ ಗೀರು. ಅಂಗಡಿಯಲ್ಲಿ ಸಿಗುವ ಕೆಂಪು ಲೇಸರ್ ಟಾರ್ಚನ್ನು ಮೇಜಿನ ಮೇಲೆ ಪುಸ್ತಕಗಳ ನಡುವೆ ಅಲುಗಾಡದ ಹಾಗೆ ಇಟ್ಟು, ಮೂರು ಮೀಟರ್ ದೂರದ ಗೋಡೆಗೆ ಬಿಡಿ. ಕಿಟಕಿ ಮುಚ್ಚಿ. (ಲೇಸರನ್ನು ಯಾರೂ ನೇರ ಕಣ್ಣಿಗೆ ಹಿಡಿಯಬಾರದು. ಇದನ್ನು ಮೊದಲೇ ಹೇಳಿ, ಮತ್ತೆ ಮತ್ತೆ ಹೇಳಿ.) ಒಂದು ಗೀರಿನ ಗಾಜು ಹಿಡಿದಾಗ ಗೋಡೆಯಲ್ಲಿ ಕೆಂಪು ಬೆಳಕು ಅಡ್ಡಕ್ಕೆ ಹರಡಿಕೊಳ್ಳುತ್ತದೆ. ಎರಡು ಗೀರಿನ ಗಾಜು ಹಿಡಿದಾಗ ಅದೇ ಹರವಿನೊಳಗೆ ಕಪ್ಪು ಪಟ್ಟೆಗಳು ಮೂಡುತ್ತವೆ. ಮಕ್ಕಳಿಗೆ ಆಗ ಕೇಳಿ: ಒಂದೇ ಬಾಗಿಲು ತೆರೆದಿದ್ದಾಗ ಬೆಳಕಿದ್ದ ಜಾಗ, ಎರಡನೆಯ ಬಾಗಿಲು ತೆರೆದ ಮೇಲೆ ಕತ್ತಲಾಯಿತು. ಹೇಗೆ? ಆ ಹೊತ್ತಿನಲ್ಲಿ ಕ್ಲಾಸಿನಲ್ಲಿ ಹುಟ್ಟುವ ಗದ್ದಲವನ್ನು ಕೇಳಿದವರು ಕನ್ನಡದಲ್ಲಿ ಭೌತಶಾಸ್ತ್ರ ಆಗುವುದಿಲ್ಲವೆಂದು ಮತ್ತೆ ಹೇಳಲಾರರು.

ಸೂತ್ರ ಬರಬೇಕಾದದ್ದು ಈ ಗದ್ದಲದ ನಂತರ. ಕಪ್ಪು ಪಟ್ಟೆಗೆ ಒಂದು ಸೀಳಿನಿಂದ ಬರುವ ದಾರಿ ಇನ್ನೊಂದಕ್ಕಿಂತ ಅರ್ಧ ಅಲೆಯಷ್ಟು ಉದ್ದ. ಕೆಂಪು ಲೇಸರಿನ ತರಂಗದೂರ, ಅಂದರೆ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ, ಸುಮಾರು 650 ನ್ಯಾನೊಮೀಟರ್. ಅದರ ಅರ್ಧವೆಂದರೆ ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಪಾಲು. ಅಷ್ಟು ಸಣ್ಣ ವ್ಯತ್ಯಾಸ ಗೋಡೆಯ ಮೇಲೆ ಸೆಂಟಿಮೀಟರ್ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಸೀಳುಗಳ ಅಂತರ 0.1 ಮಿಲಿಮೀಟರ್ ಇದ್ದರೆ ಮೂರು ಮೀಟರ್ ದೂರದಲ್ಲಿ ಪಟ್ಟೆಯಿಂದ ಪಟ್ಟೆಗೆ ಸುಮಾರು 2 ಸೆಂಟಿಮೀಟರ್. ಸೀಳುಗಳನ್ನು ಹತ್ತಿರ ತಂದಷ್ಟೂ ಪಟ್ಟೆಗಳು ದೂರ ಸರಿಯುತ್ತವೆ. ಗೋಡೆ ದೂರವಾದಷ್ಟೂ ಅಗಲವಾಗುತ್ತವೆ. ಲ್ಯಾಂಬ್ಡಾ, ದೊಡ್ಡ ಡಿ, ಚಿಕ್ಕ ಡಿ ಮೂರೂ ಮೇಜಿನ ಮೇಲೆಯೇ ಇವೆಯಲ್ಲ! ಇನ್ನು ಬಾಯಿಪಾಠ ಯಾಕೆ?

ಗಾಜಿಗೂ ಗತಿಯಿಲ್ಲವೆಂದಾದರೆ ಲೇಸರಿನ ಬಾಯಿಗೆ ಅಡ್ಡವಾಗಿ ಒಂದು ತಲೆಕೂದಲು ಅಂಟಿಸಿ. ಯಂಗ್‌ನ ರಟ್ಟಿನ ಹಾಗೆಯೇ ಬೆಳಕು ಎರಡೂ ಬದಿಯಿಂದ ಬಂದು ಪಟ್ಟೆ ಹಾಕುತ್ತದೆ. 0.07 ಮಿಲಿಮೀಟರ್ ದಪ್ಪದ ಕೂದಲಿಗೆ ಮೂರು ಮೀಟರ್ ದೂರದಲ್ಲಿ ಕಪ್ಪಿನಿಂದ ಕಪ್ಪಿಗೆ ಹತ್ತಿರ ಹತ್ತಿರ 2.8 ಸೆಂಟಿಮೀಟರ್. ಈಗ ಲೆಕ್ಕವನ್ನು ತಿರುಗಿಸಿ: ಪಟ್ಟೆ ಅಳೆದು ಕೂದಲಿನ ದಪ್ಪ ಹೇಳಿ. ನಮ್ಮ ಕ್ಲಾಸಿನಲ್ಲಿ ಯಾರ ಕೂದಲು ದಪ್ಪವೆಂಬ ಪಂಥ ಒಂದು ವಾರ ನಡೆಯಿತು. ಮರದ ಅಡಿಕೋಲಿನಿಂದ ಮಿಲಿಮೀಟರಿನ ನೂರರಲ್ಲಿ ಏಳು ಪಾಲನ್ನು ಅಳೆದ ಮಕ್ಕಳಿಗೆ, 'ನಿಮ್ಮದು ಕನ್ನಡ ಮಾಧ್ಯಮ, ನಿಮಗೆ ಸಯನ್ಸ್ ಕಷ್ಟ' ಎಂದು ಹೇಳುವ ಧೈರ್ಯ ಯಾರಿಗಿದೆ? ಇದೇ ವ್ಯತಿಕರಣದ ಲೆಕ್ಕದಿಂದ ಯಂಗ್ ಇನ್ನೂರು ವರ್ಷಗಳ ಹಿಂದೆಯೇ ಕೆಂಪು ಬೆಳಕಿನ ಅಲೆ ಇಂಚಿನ ಮೂವತ್ತಾರು ಸಾವಿರದಲ್ಲೊಂದು ಪಾಲು, ನೇರಳೆಯದು ಅರವತ್ತು ಸಾವಿರದಲ್ಲೊಂದು ಪಾಲು ಎಂದು ಹೇಳಿದ್ದ. ಇಂದಿನ ಅಳತೆಗೂ ಅದಕ್ಕೂ ಹೆಚ್ಚು ದೂರವಿಲ್ಲ.

ನಾವು ಶಾಲೆಯಲ್ಲಿ ಇದನ್ನು ಸರಿಯಾಗಿ ಹೇಳದೆ ಬಿಟ್ಟ ಕಡೆ ಬೇರೆಯವರು ಬಂದು ಕೂತಿದ್ದಾರೆ. ಮೊಬೈಲಿನಲ್ಲಿ ಮಕ್ಕಳು ನೋಡುವ ವೀಡಿಯೊಗಳಲ್ಲಿ ಜೋಡಿ ಸೀಳಿನ ಪ್ರಯೋಗವೆಂದರೆ 'ನಿಮ್ಮ ಮನಸ್ಸು ಜಗತ್ತನ್ನು ಬದಲಿಸುತ್ತದೆ' ಎಂಬುದಕ್ಕೆ ಪುರಾವೆಯಂತೆ! ಇದು ಶುದ್ಧ ಸುಳ್ಳು. ನಿಜವಾದ ಒಗಟೊಂದು ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. 1909ರಲ್ಲಿ ಕೇಂಬ್ರಿಜ್‌ನಲ್ಲಿ ಜಿ. ಐ. ಟೇಲರ್ ಮಸಿ ಹಿಡಿದ ಗಾಜುಗಳನ್ನು ಅಡ್ಡ ಇಟ್ಟು ಬೆಳಕನ್ನು ಎಷ್ಟು ಮಂಕು ಮಾಡಿದನೆಂದರೆ, ಒಂದು ಸೂಜಿಯ ನೆರಳಿನ ಪಟ್ಟೆಗಳ ಫೋಟೊ ಮೂಡಲು ಸುಮಾರು ಮೂರು ತಿಂಗಳು ಬೇಕಾಯಿತು. ಆದರೂ ಪಟ್ಟೆಗಳು ಅಷ್ಟೇ ಸ್ಪಷ್ಟವಾಗಿದ್ದವು. ಮುಂದೆ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟು ನೋಡಿದರು. 1989ರಲ್ಲಿ ಜಪಾನಿನ ತೋನೊಮುರಾ ಅವರ ತಂಡ, ಚುಕ್ಕಿಗೆ ಚುಕ್ಕಿ ಸೇರಿ ಪಟ್ಟೆ ಬೆಳೆಯುವುದನ್ನು ಕಣ್ಣಿಗೆ ಕಾಣುವಂತೆ ತೋರಿಸಿತು. ಯಾವ ಸೀಳಿನಿಂದ ಹಾದುಹೋಯಿತೆಂದು ಪತ್ತೆಮಾಡುವ ಏರ್ಪಾಡು ಇಟ್ಟರೆ ಪಟ್ಟೆ ಅಳಿಯುತ್ತದೆ, ನಿಜ. ಆದರೆ ಅಳಿಸುವುದು ನೋಡುವವನ ಮನಸ್ಸಲ್ಲ, ಪತ್ತೆಮಾಡಲು ಇಟ್ಟ ಸಲಕರಣೆಯೊಡನೆ ನಡೆಯುವ ಒಡನಾಟ. ಕೋಣೆಯಲ್ಲಿ ಒಬ್ಬ ಮನುಷ್ಯನೂ ಇಲ್ಲದಿದ್ದರೂ ಅಳಿಯುತ್ತದೆ. ಕೆರೆಯ ಅಲೆಯನ್ನು ಸರಿಯಾಗಿ ತಿಳಿದ ಮಗು ಇಂಥ ವೀಡಿಯೊ ನೋಡಿ ನಗುತ್ತದೆ. ಸೂತ್ರ ಮಾತ್ರ ತಿಳಿದ ಮಗು ನಂಬುತ್ತದೆ. ಅಪಾಯ ಇರುವುದು ಇಲ್ಲಿ.

ಇನ್ನು ಆಕ್ಷೇಪಗಳು. "ಹನ್ನೊಂದರಿಂದ ಪುಸ್ತಕ ಇಂಗ್ಲಿಷಿನದು, ಆಗ ಏನು ಮಾಡುತ್ತೀರಿ?" ಎಂದು ಕೇಳುತ್ತಾರೆ. ನಿಜ, ಆ ಕಷ್ಟ ಇದೆ. ನಮ್ಮ ಮಕ್ಕಳು ಜೂನ್‌ನಿಂದ ಓಣಂ ತನಕ ಶಬ್ದಗಳ ಜೊತೆ ಗುದ್ದಾಡುತ್ತಾರೆ. ಆದರೆ ಅದು ಶಬ್ದದ ಕಷ್ಟ, ಬುದ್ಧಿಯದ್ದಲ್ಲ. ಸಂಗತಿ ಗೊತ್ತಿದ್ದರೆ ಹೊಸ ಹೆಸರು ಕಲಿಯಲು ಒಂದು ತಿಂಗಳು ಸಾಕು. ಸಂಗತಿಯೇ ಗೊತ್ತಿಲ್ಲದಿದ್ದರೆ ಹದಿನೈದು ವರ್ಷ ಇಂಗ್ಲಿಷ್ ಓದಿದರೂ ಸಾಲದು, ನೆರೆಮನೆಯ ಹುಡುಗಿ ಅದಕ್ಕೆ ಸಾಕ್ಷಿ. ನ್ಯೂಟನ್ ತನ್ನ 'ಪ್ರಿನ್ಸಿಪಿಯಾ'ವನ್ನು 1687ರಲ್ಲಿ ಪಂಡಿತರ ಲ್ಯಾಟಿನ್ನಿನಲ್ಲಿ ಬರೆದ. ಬೆಳಕಿನ ಬಗೆಗಿನ 'ಆಪ್ಟಿಕ್ಸ್' ಅನ್ನು 1704ರಲ್ಲಿ ಮನೆಮಾತಾದ ಇಂಗ್ಲಿಷಿನಲ್ಲಿ ಹೊರತಂದ. ಫ್ರೆನೆಲ್ ಬರೆದದ್ದು ಫ್ರೆಂಚಿನಲ್ಲಿ. ಅವರಿಗೆ ಮನೆಮಾತು ಅಡ್ಡ ಬರಲಿಲ್ಲ. ನಮಗೆ ಮಾತ್ರ ಅಡ್ಡ ಬರುತ್ತದೆಯೇ?

"ಕನ್ನಡದಲ್ಲಿ ವಿಜ್ಞಾನದ ಪರಂಪರೆ ಎಲ್ಲಿದೆ?" ಎನ್ನುವವರೂ ಇದ್ದಾರೆ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಹೆಸರಿನಲ್ಲೇ ಕನ್ನಡ ಮಾಸಪತ್ರಿಕೆ ನಡೆಸಿದ್ದರು. ನಮ್ಮ ಕರಾವಳಿಯವರೇ ಆದ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು, ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ' ಬರೆದರು. ಬೆಳಕಿನ ವಿಷಯಕ್ಕೇ ಬಂದರೆ, ಸಿ. ವಿ. ರಾಮನ್ 1906ರಲ್ಲಿ ಅಚ್ಚಾದ ತಮ್ಮ ಮೊದಲ ಪ್ರಬಂಧ ಬರೆದದ್ದು ಬೆಳಕಿನ ಇಂಥ ಪಟ್ಟೆಗಳ ಮೇಲೆಯೇ, ಆಗ ಅವರಿಗೆ ಹದಿನೆಂಟು ವರ್ಷ. ನಮ್ಮ ಪ್ಲಸ್ ಟು ಮಕ್ಕಳಿಗಿಂತ ಒಂದು ವರ್ಷ ದೊಡ್ಡವರು! ಅವರು ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆಯಲ್ಲಿ ಪಂಚರತ್ನಂ ಎಂಬ ತರುಣ 1956ರಲ್ಲಿ ವ್ಯತಿಕರಣದ ಸಿದ್ಧಾಂತವನ್ನೇ ವಿಸ್ತರಿಸಿ ಬರೆದರು. ಅದರ ಬೆಲೆ ಹೊರಜಗತ್ತಿಗೆ ತಿಳಿದದ್ದು ಅವರು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ. ಅದೇ 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಗೆರೆ ಎಳೆದವರು ನೆಲದ ಮೇಲೆ ಎಳೆದರು. ಬೆಂಗಳೂರಿನಲ್ಲಿ ಬರೆದ ಬೆಳಕಿನ ಲೆಕ್ಕ ಚಂದ್ರಗಿರಿ ಹೊಳೆಯ ದಡದ ಮಗುವಿಗೆ ಕನ್ನಡದಲ್ಲಿ ತಲುಪಬಾರದೆಂದು ಯಾವ ಆಯೋಗವೂ ಹೇಳಲಿಲ್ಲ. ಅದನ್ನು ನಾವೇ ಹೇಳಿಕೊಳ್ಳುತ್ತಿದ್ದೇವೆ.

ಹಾಗಾದರೆ ನಾವು ಕೇಳುವುದೇನು? ಬಹಳ ಇಲ್ಲ. ಕನ್ನಡ ಮಾಧ್ಯಮದ ವಿಜ್ಞಾನದ ಹುದ್ದೆಗೆ ಕನ್ನಡದಲ್ಲಿ ಪಾಠ ಹೇಳಬಲ್ಲವರನ್ನೇ ಕಳಿಸಿ. ಇದು ಭಾಷಾದ್ವೇಷದ ಮಾತಲ್ಲ. ಮಲಯಾಳ ಮಾಧ್ಯಮದ ಕ್ಲಾಸಿಗೆ ಮಲಯಾಳ ಬಾರದ ನಮ್ಮನ್ನು ಕಳಿಸಿದರೆ ಆ ಮಕ್ಕಳಿಗೂ ಅನ್ಯಾಯವೇ. 'ಎರಡನೆಯ ಬಾಗಿಲು ತೆರೆದರೆ ಕತ್ತಲಾಯಿತು, ಹೇಗೆ?' ಎಂದು ಮಗು ಕೇಳಿದಾಗ ಅದು ಕೇಳಿದ ಭಾಷೆಯಲ್ಲೇ ಮಾತು ಮುಂದುವರಿಸುವವರು ಬೇಕು. ಹತ್ತನೆಯದು ಮುಗಿಸಿದ ಮಕ್ಕಳಿಗೆ ರಜೆಯಲ್ಲಿ ಹತ್ತು ದಿನ, ಕನ್ನಡ ಮತ್ತು ಇಂಗ್ಲಿಷ್ ಪದಗಳನ್ನು ಪಕ್ಕಪಕ್ಕ ಇಟ್ಟು ಸೇತುವೆಯಂಥ ತರಗತಿ ನಡೆಸಲು ಅವಕಾಶ ಕೊಡಿ. ಪ್ರಶ್ನೆಪತ್ರಿಕೆ ಮಾಡುವವರೇ, ಒಮ್ಮೆಯಾದರೂ 'ಕಪ್ಪು ಪಟ್ಟೆಯ ಬೆಳಕು ಎಲ್ಲಿ ಹೋಯಿತು?' ಎಂದು ಕೇಳಿ. ಆಗ ನೋಟ್ಸ್ ಬರೆಸುವವರ ಅಂಗಡಿ ತಾನೇ ಬಾಗಿಲು ಹಾಕುತ್ತದೆ. ಸಹೋದ್ಯೋಗಿಗಳೇ, ಒಂದು ಗಾಜು, ಎರಡು ಬ್ಲೇಡು, ಒಂದು ಚಿಮಿಣಿ ದೀಪ. ಪೋರ್ಷನ್ ಮುಗಿಯುವುದಿಲ್ಲವೆಂಬ ನೆಪವನ್ನು ಒಂದು ಪೀರಿಯಡ್ ಮಟ್ಟಿಗೆ ಬದಿಗಿಡಿ.

ಹೆತ್ತವರಿಗೆ ಕೊನೆಯ ಮಾತು. ಟಿ.ಸಿ. ಕೇಳುವುದು ನಿಮ್ಮ ಹಕ್ಕು, ತಡೆಯುವವರು ನಾವಲ್ಲ. ಆದರೆ ಕೇಳುವ ಮೊದಲು ಒಂದು ದಿನ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಆ ತಂದೆಗೂ ನಾವು ಇದನ್ನೇ ಹೇಳಿದೆವು. ಮರುದಿನ ಬಂದರು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಗಳೇ ಗಾಜು ಹಿಡಿದಿದ್ದಳು. ಗೋಡೆಯಲ್ಲಿ ಪಟ್ಟೆ ಮೂಡಿದಾಗ ಅವರು ಎದ್ದು ಹತ್ತಿರ ಹೋಗಿ, ಕಪ್ಪು ಪಟ್ಟೆಯ ಮೇಲೆ ಬೆರಳಿಟ್ಟು ನೋಡಿದರು. "ಇಲ್ಲಿಗೆ ಬೆಳಕು ಬರುದೇ ಇಲ್ವಾ?" ಎಂದು ಕೇಳಿದರು. ಉತ್ತರ ಕೊಟ್ಟದ್ದು ನಾವಲ್ಲ. "ಬರ್ತದೆ ಅಪ್ಪಾ, ಎರಡು ಕಡೆಯಿಂದಲೂ ಬರ್ತದೆ. ಒಂದು ಹತ್ತುವಾಗ ಇನ್ನೊಂದು ಇಳಿತದೆ, ಅದಕ್ಕೆ ಕಾಣುದಿಲ್ಲ" ಎಂದಳು ಹುಡುಗಿ.

ಆರನೆಯ ದಿನದ ಎಣಿಕೆಯಲ್ಲಿ ಅವಳೂ ಇದ್ದಳು. ಒಬ್ಬಳು ಉಳಿದದ್ದರಿಂದ ಡಿವಿಜನ್ ಉಳಿಯುತ್ತದೆಂದು ನಾವು ನಂಬಿ ಕೂತಿಲ್ಲ. ಮುಂದಿನ ಜೂನ್ ಬರುತ್ತದೆ, ಟಿ.ಸಿ. ಕೇಳುವವರೂ ಬರುತ್ತಾರೆ. ಮಸಿ ಹಿಡಿದ ಆ ಗಾಜನ್ನು ನಾವು ಒರಸಿಲ್ಲ, ಕಪಾಟಿನಲ್ಲಿ ಹಾಗೆಯೇ ಇಟ್ಟಿದ್ದೇವೆ.